ಆರು ರತ್ತಲಿನ ತಕರಾರು

ಹುಬ್ಬಳ್ಳಿ
೩ ಆಗಸ್ಟ್ ೧೯೩೬

ತಮ್ಮ ಮಡಿವಾಳಪ್ಪನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಸಾಹುಕಾರ ಗುರುಶಿದ್ದಪ್ಪನವರು ನಿನ್ನನ್ನು ತಮ್ಮ ಪೈಲ್ವಾನನೆಂದು ಧಾರವಾಡಕ್ಕೆ ಕರೆದೊಯ್ದ ದಿನ ನೀನು ನನ್ನ ಖಾನಾವಳಿಯ ಬಾಗಿಲಲ್ಲಿ ನಿಂತು, "ಇನ್ನ ಮ್ಯಾಲೆ ಜ್ವಾಳದ ರೊಟ್ಟಿ ನನಗ ಸೇರಂಗಿಲ್ಲಕ್ಕಾ, ನನ್ನ ಖುರಾಕೇ ಬ್ಯಾರೆ" ಅಂದೆ. ಅವ್ವ ಪ್ಲೇಗಿನಲ್ಲಿ ಹೋದಂದಿನಿಂದ ನನ್ನ ಕೈಯ ಅದೇ ರೊಟ್ಟಿ ತಿಂದು ಬೆಳೆದ ಬಾಯಿ ಅದು. ನೀನು ಮರೆತಿರಬಹುದು, ನಾನು ಮರೆತಿಲ್ಲ. ಆ ಲೆಕ್ಕಕ್ಕೆ ನಾನು ಈ ಪತ್ರ ಬರೆಯಬಾರದಿತ್ತು.

ಆದರೆ ಮೊನ್ನೆ ಗೌಸಮೊದ್ದೀನ ಊಟಕ್ಕೆ ಬಂದಿದ್ದ. ಗೊತ್ತಲ್ಲ, ಮನೆ ಇಲ್ಲಿ, ನೌಕರಿ ಧಾರವಾಡ ಸ್ಟೇಶನ್ನಿನ ಪಾರ್ಸಲ್ ಆಫೀಸಿನಲ್ಲಿ; ದಿನಾ ಬೆಳಗಿನ ಗಾಡಿಗೆ ಹೋಗಿ ಸಂಜೆ ಬರುತ್ತಾನೆ. ತಟ್ಟೆಯ ಮುಂದೆ ಕೂತು, "ಅಕ್ಕಾರ, ನಿಮ್ಮ ತಮ್ಮ ನಾಕು ದಿನದಿಂದ ಬರೇ ಲಿಂಬಿಹಣ್ಣಿನ ನೀರ ಕುಡದು ಬಸ್ಕಿ ಹೊಡ್ಯಾಕತ್ತಿದ್ದನಂತ್ರಿ. ಗರಡ್ಯಾಗ ಕಣ್ಣಿಗೆ ಕತ್ತಲಿ ಬಂದು ಬಿದ್ದ. ಎತ್ತಾಕ ಆರು ಮಂದಿ ಬೇಕಾತು" ಅಂದ. ಹಪ್ಪಳ ಸುಡುತ್ತಿದ್ದೆ. ಹಪ್ಪಳ ಕರಕಲಾಯಿತು.

ಯಾಕೆ ಉಪವಾಸ? ಯಾರ ಮೇಲೆ ಸಿಟ್ಟು? ಬುತ್ತಿಯಲ್ಲಿ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಇಟ್ಟಿದ್ದೇನೆ. ಮೊದಲು ತಿನ್ನು, ಆಮೇಲೆ ಉತ್ತರ ಬರಿ.

ನಿನ್ನ ಅಕ್ಕ,
ದಾನವ್ವ


ಧಾರವಾಡ
೫ ಆಗಸ್ಟ್ ೧೯೩೬

ಅಕ್ಕನಿಗೆ ಮಡಿವಾಳಪ್ಪನ ಶರಣು.

ಬುತ್ತಿಯನ್ನು ಬಿಚ್ಚದೆ ವಾಪಸು ಕಳಿಸಿದ್ದೇನೆ. ಸಿಟ್ಟಾಗಬೇಡ. ವಾಸನೆ ಬಂದಿದ್ದರೆ ತಿಂದುಬಿಡುತ್ತಿದ್ದೆ. ಗರಡಿಯಲ್ಲಿ ಕಲಿಸುವ ವಸ್ತಾದ ವೆಂಕಣ್ಣನವರ ಅಪ್ಪಣೆ, ಒಂದು ಹೊತ್ತು ಲಿಂಬೆ ನೀರು, ಒಂದು ಹೊತ್ತು ಗಂಜಿ.

ನಡೆದದ್ದನ್ನು ಹೇಳುತ್ತೇನೆ. ಸಾಹುಕಾರರ ಖುರಾಕು ಸಣ್ಣದಲ್ಲ. ದಿನಕ್ಕೆ ಎರಡು ಸೇರು ಹಾಲು, ಬಟ್ಟಲ ತುಂಬ ತುಪ್ಪ, ಬಾದಾಮಿ, ಊಟವಾದ ಮೇಲೆ ಪೇಢೆ. ಅವರ ತಕ್ಕಡಿಯಲ್ಲಿ ಇನ್ನೂರಾ ಹನ್ನೆರಡು ರತ್ತಲು ತೂಗಿದೆ. ಯುಗಾದಿಗೆ ಗದಗಿನಲ್ಲಿ ಒಬ್ಬ ಒಣಕಲ ಹುಡುಗ ನಾಲ್ಕೇ ನಿಮಿಷದಲ್ಲಿ ನನ್ನನ್ನು ಚಿತ್ ಮಾಡಿದ. ಶಕ್ತಿ ಇತ್ತು, ಉಸಿರು ಇರಲಿಲ್ಲ. ಸಾಹುಕಾರರು ನಕ್ಕು, "ನಿನಗ ಕುಸ್ತಿ ಹಿಡಿ ಅಂದವ್ರ ಯಾರು? ಬಾಗಲಾಗ ಕುಂದ್ರು, ಸಾಕು" ಎಂದರು. ಅಕ್ಕಾ, ಎರಡು ವರ್ಷದಿಂದ ನನ್ನ ಕೆಲಸ ಅದೇ. ರೈತರು ಅವರ ಧಾರವಾಡದ ಅಂಗಡಿಗೆ ಹತ್ತಿ ತರುತ್ತಾರೆ. ಯಾರಾದರೂ ತೂಕದ ಮೇಲೆ ತಕರಾರು ತೆಗೆದರೆ ನಾನು ಎದ್ದು ನಿಲ್ಲಬೇಕು. ಬರೇ ನಿಲ್ಲಬೇಕು, ಮಾತೂ ಬೇಡ. ಹೋದ ವರ್ಷ ಲಕಮನಹಳ್ಳಿಯ ದುರಗಪ್ಪನೆಂಬ ಮುದುಕ ತೂಕ ಕಮ್ಮಿ ಬಂತೆಂದು ಕೂಗಾಡುತ್ತಿದ್ದ. ನಾನು ಎದ್ದೆ. ಅವನು ಟೊಪ್ಪಿಗೆ ಸರಿ ಮಾಡಿಕೊಂಡು ಸುಮ್ಮನೆ ಹೊರಟುಹೋದ.

ನನಗೆ ಕುಸ್ತಿ ಬೇಕು, ಬಾಗಿಲು ಬೇಡ. ಫೆಬ್ರುವರಿಯಲ್ಲಿ ಇಲ್ಲಿ ದೊಡ್ಡ ಕುಸ್ತಿ ಇದೆ, ಹೊಸ ಪದ್ಧತಿ, ತೂಕದ ಮೇಲೆ ಜೋಡಿ ಕಟ್ಟುತ್ತಾರೆ. ನೂರಾ ಎಪ್ಪತ್ತೈದು ರತ್ತಲಿನ ಜೋಡಿಯಲ್ಲಿ ಇಳಿಯುತ್ತೇನೆ ಎಂದೆ. ಸಾಹುಕಾರರು ಅಂಗಡಿಯ ಮಂದಿಯ ಮುಂದೆ ವಿಭೂತಿ ಗಟ್ಟಿ ತರಿಸಿದರು. ಕುಸ್ತಿಯ ದಿನ ಅಷ್ಟು ತೂಕಕ್ಕೆ ಇಳಿದರೆ ನಾನು ಬಿಡುಗಡೆ. ಇಳಿಯದಿದ್ದರೆ ಅವರು ಸಾಕು ಅನ್ನುವವರೆಗೂ ಅವರ ಬಾಗಿಲಲ್ಲಿ. ಮುಟ್ಟಿ ಮಾತು ಕೊಟ್ಟಿದ್ದೇನೆ. ಪ್ರತಿ ರವಿವಾರ ಅವರದೇ ತಕ್ಕಡಿಯಲ್ಲಿ ತೂಗಿ ಅಂಗಡಿಯ ಗೋಡೆಗೆ ಸುಣ್ಣದಿಂದ ಬರೆಯುತ್ತಾರೆ.

ಮೂವತ್ತೇಳು ರತ್ತಲು ಇಳಿಸಬೇಕು. ರೊಟ್ಟಿ ತಿಂದು ಹೇಗೆ ಇಳಿಯುತ್ತದೆ, ನೀನೇ ಹೇಳು.

ಮಡಿವಾಳಪ್ಪ


ಹುಬ್ಬಳ್ಳಿ
೬ ಆಗಸ್ಟ್ ೧೯೩೬

ಮಡಿವಾಳಪ್ಪಾ,

ಹೇಳುತ್ತೇನೆ, ಕೇಳು. ನಿನ್ನ ಸಾಹುಕಾರರ ಹುಬ್ಬಳ್ಳಿ ಅಂಗಡಿಯ ಹನ್ನೆರಡು ಹಮಾಲರು ನನ್ನಲ್ಲಿ ಉಣ್ಣುತ್ತಾರೆ. ಬೆಳಗಿನಿಂದ ಹತ್ತಿ ಅಂಡಿಗೆ ಹೊರುತ್ತಾರೆ. ಒಬ್ಬನ ಹೊಟ್ಟೆಯೂ ಮುಂದೆ ಬಂದಿಲ್ಲ, ಒಬ್ಬನೂ ಕಣ್ಣಿಗೆ ಕತ್ತಲೆ ಬಂದು ಬಿದ್ದಿಲ್ಲ. ಅವರಿಗೆ ಬಾದಾಮಿ ಯಾರು ಕೊಟ್ಟರು? ಲಿಂಬೆ ನೀರು ಕುಡಿಸಿ ಅಂಡಿಗೆ ಹೊರಿಸಿದರೆ ಎರಡನೇ ಅಂಡಿಗೆಗೆ ಕೂತುಬಿಡುತ್ತಾರೆ. ನಿನ್ನ ವಸ್ತಾದರು ಪಟ್ಟು ಕಲಿಸಲಿ, ಒಲೆಯ ಮುಂದಿನ ಮಾತು ನನಗೆ ಬಿಡಲಿ. ಇಪ್ಪತ್ತು ವರ್ಷದಿಂದ ದುಡಿಯುವ ಹೊಟ್ಟೆಗಳನ್ನು ನೋಡುತ್ತಿದ್ದೇನೆ.

ಇವತ್ತಿನಿಂದ ಹೀಗೆ ಮಾಡು. ಹಿಂದಿನ ದಿನವೇ ಕಡಲೆ ನೆನೆಯಿಟ್ಟುಕೊ. ಗರಡಿಗೆ ಇಳಿಯುವ ಮುಂಚೆ ಒಂದು ಹಿಡಿ, ಒಂದು ಚೂರು ಬೆಲ್ಲ. ಖಾಲಿ ಹೊಟ್ಟೆಯಲ್ಲಿ ದಂಡ ಹೊಡೆದರೆ ನಿನ್ನ ಮೈ ಕೊಬ್ಬನ್ನು ಮುಟ್ಟುವ ಮೊದಲು ಕಾಲಿನ ಕಸುವನ್ನೇ ತಿನ್ನುತ್ತದೆ. ಬೆವರು ಆರಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಅಷ್ಟೊತ್ತಿಗೆ ಗೌಸಮೊದ್ದೀನನ ಕೈಯಲ್ಲಿ ಬುತ್ತಿ ಬಂದಿರುತ್ತದೆ. ಎರಡು ರೊಟ್ಟಿ, ಒಂದು ಕಾಳಿನ ಪಲ್ಯ, ಹಸಿ ಮೆಂತ್ಯ, ಮೂಲಂಗಿ, ಕೆನೆ ತೆಗೆದ ಮೊಸರು. ಶೇಂಗಾ ಹಿಂಡಿ ಒಂದು ಚಮಚ, ನೆಕ್ಕಿ ನೆಕ್ಕಿ ತಿನ್ನಬೇಕು. ಸಂಜೆಗೆ ಒಂದು ರೊಟ್ಟಿ, ಸೊಪ್ಪಿನ ಬೇಳೆ. ತುಪ್ಪ, ಪೇಢೆ, ಬಟ್ಟಲ ಹಾಲು ಸಾಹುಕಾರರಿಗೇ ಇರಲಿ.

ವಾರಕ್ಕೆ ಒಂದೂವರೆ ರತ್ತಲು ಇಳಿದರೆ ಸಾಕು. ಹೆಚ್ಚು ಇಳಿದರೆ ಒಂದು ರೊಟ್ಟಿ ಹೆಚ್ಚು ಕಳಿಸುತ್ತೇನೆ. ಉಂಡು ಇಳಿಸು. ಈ ಸಾರಿ ಬುತ್ತಿ ತುಂಬಿ ವಾಪಸು ಬಂದರೆ ನಾನೇ ರೈಲು ಹತ್ತಿ ಬಂದು, ನಿನ್ನ ಗರಡಿಯ ಬಾಗಿಲಲ್ಲಿ ಕೂತು ತುತ್ತು ಮಾಡಿ ತಿನ್ನಿಸುತ್ತೇನೆ. ಹೆಂಗಸರು ಅಲ್ಲಿ ಬರಬಾರದೆಂದು ನಿಮ್ಮ ವಸ್ತಾದರು ಕೂಗಿಕೊಳ್ಳಲಿ.

ದಾನವ್ವ


ಧಾರವಾಡ
೨೭ ಅಕ್ಟೋಬರ್ ೧೯೩೬

ಅಕ್ಕನಿಗೆ ಬನ್ನಿ ಕೊಟ್ಟು ಶರಣು ಮಾಡಿದ್ದೇನೆ, ಎಲೆ ಪತ್ರದೊಳಗಿದೆ.

ಗೋಡೆಯ ಮೇಲೆ ಈಗ ನೂರಾ ತೊಂಬತ್ತಾರು. ಮೊದಲ ಹದಿನೈದು ದಿನ ಏನೂ ಇಳಿಯಲಿಲ್ಲ, ನೀನು ನನ್ನನ್ನು ಮುಳುಗಿಸಿದೆ ಅಂದುಕೊಂಡಿದ್ದೆ. ಬರೆಯಲಿಕ್ಕೆ ಧೈರ್ಯವಾಗಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಒಂದು ದಿನ ಕಾಲು ಸೇರು ಪೇಢೆಯನ್ನು ಒಬ್ಬನೇ ತಿಂದೆ, ಅದನ್ನೂ ಬರೆಯುತ್ತಿದ್ದೇನೆ. ಬೈಯುವುದಾದರೆ ಎರಡಕ್ಕೂ ಕೂಡಿಸಿ ಬೈದುಬಿಡು.

ವಸ್ತಾದರು ಇನ್ನೂ ಒಪ್ಪಿಲ್ಲ. "ರೊಟ್ಟಿ ತಿಂದು ಯಾವ ಪೈಲ್ವಾನನೂ ಇಳದಿಲ್ಲೋ" ಅನ್ನುತ್ತಾರೆ. ಆದರೆ ನಿನ್ನೆ ಐನೂರು ಬಸ್ಕಿ ಹೊಡೆದ ಮೇಲೆ ಇಪ್ಪತ್ತು ನಿಮಿಷ ಕುಸ್ತಿ ಹಿಡಿದೆ. ನನ್ನ ಜೊತೆಯವರು ಬಾಯಿ ತೆರೆದು ಉಸಿರು ಬಿಡುತ್ತಿದ್ದರು, ನಾನು ಅವರ ಕೂಡ ಮಾತಾಡುತ್ತಿದ್ದೆ. ವಸ್ತಾದರು ನನ್ನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಏನಿದೆ ಅಂತ ನೋಡಿದರು.

ಆ ದಿನ ಬಾಗಿಲಲ್ಲಿ ಆಡಿದ ಮಾತು ಆಡಬಾರದಿತ್ತು, ಅಕ್ಕಾ.

ಮಡಿವಾಳಪ್ಪ


ಹುಬ್ಬಳ್ಳಿ
೧೬ ನವೆಂಬರ್ ೧೯೩೬

ತಮ್ಮಾ,

ದೀಪಾವಳಿಗೆ ಕರ್ಚೀಕಾಯಿ ಕಳಿಸಿದ್ದೇನೆ. ಒಂದೇ ಒಂದು. ಡಬ್ಬಿಯ ತಳದಲ್ಲಿ ಇನ್ನೊಂದು ಇದೆಯೇ ಎಂದು ಹುಡುಕಬೇಡ.

ಹಬ್ಬದ ಮರುದಿನದಿಂದ ಹನ್ನೆರಡೂ ಹಮಾಲರು ಊಟಕ್ಕೆ ಬರುತ್ತಿಲ್ಲ. ನಿನ್ನೆ ಸಾಹುಕಾರರ ಗುಮಾಸ್ತ ಬಂದು ಕಟ್ಟೆಯ ಮೇಲೆ ಕೂತ. "ಧಾರವಾಡಕ್ಕ ಬುತ್ತಿ ಕಳಸೂದ ನಿಂದರಸ್ರಿ ದಾನವ್ವಾರ, ಹಮಾಲರು ನಾಳಿನ ಮತ್ತ ಬರತಾರ. ಸಾಹುಕಾರ್ರು ಹೇಳ್ಯಾರ" ಅಂದ. ನಾನು ಅವನ ಮುಂದೆಯೇ ನಿನ್ನ ರೊಟ್ಟಿ ಬಡಿದೆ, ಅವನ ಮುಂದೆಯೇ ಬುತ್ತಿ ಕಟ್ಟಿದೆ. "ಇದನ್ನೂ ಹೋಗಿ ಹೇಳ್ರಿ" ಅಂದೆ. ಚಹಾ ಕೂಡ ಕೇಳದೆ ಎದ್ದು ಹೋದ.

ನಿನಗೆ ಇದನ್ನು ಬರೆಯುವುದು ಬೇಡ ಅಂದುಕೊಂಡಿದ್ದೆ. ಆದರೆ ಗೌಸಮೊದ್ದೀನನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಕೇಶ್ವಾಪುರದ ಕಡೆಯ ರೈಲ್ವೆ ಮಂದಿ ನಾಲ್ವರು ಹೊಸದಾಗಿ ಬರುತ್ತಿದ್ದಾರೆ. ನನ್ನ ಒಲೆ ಆರುವುದಿಲ್ಲ. ನಿನ್ನ ಕಡಲೆ ನೆನೆಯುವುದೂ ತಪ್ಪಬಾರದು.

ದಾನವ್ವ


ಧಾರವಾಡ
೧೫ ಜನವರಿ ೧೯೩೭

ಅಕ್ಕಾ,

ಸಂಕ್ರಾಂತಿಗೆ ನಿನ್ನ ಮನೆಗೆ ಬಂದದ್ದೇ ತಪ್ಪಾಯಿತು. ಹೋದ ರವಿವಾರ ಸಾಹುಕಾರರ ಗೋಡೆಯ ಮೇಲೆ ನೂರಾ ಎಪ್ಪತ್ತೈದು ಬಿದ್ದಿತ್ತು. ಗುರಿ ಮುಟ್ಟಿತೆಂದು ಹಿಗ್ಗಿನಿಂದ ಬಂದೆ. ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ, ಮಾದಲಿ, ನೀನು ಬಡಿಸಿದೆ, ನಾನು ಉಂಡೆ. ಸಂಜೆ ಇಲ್ಲಿ ಇಳಿದಾಗ ಗೌಸಮೊದ್ದೀನ ಚೇಷ್ಟೆಗೆ ಪಾರ್ಸಲ್ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ. ನೂರಾ ಎಂಬತ್ತೊಂದು!

ಒಂದು ಹಬ್ಬದಲ್ಲಿ ಆರು ರತ್ತಲು. ತಿಂಗಳ ದುಡಿಮೆ ಹೋಯಿತು. ಉಂಡು ಇಳಿಸು ಅಂದವಳು ನೀನು, ಉಣಿಸಿ ಏರಿಸಿದವಳೂ ನೀನೇ. ಬಾಗಿಲು ಕಾಯುವುದೇ ನನ್ನ ಹಣೆಯಲ್ಲಿ ಬರೆದಿದ್ದರೆ ಹಾಗೇ ಆಗಲಿ. ನಾಳೆಯಿಂದ ಬುತ್ತಿ ಬೇಡ.

ಮಡಿವಾಳಪ್ಪ


ಹುಬ್ಬಳ್ಳಿ
೨೩ ಜನವರಿ ೧೯೩೭

ಜಾಣ ತಮ್ಮನಿಗೆ,

ನನ್ನ ಅಡುಗೆಯ ಮೇಲೆ ಇಷ್ಟು ದೊಡ್ಡ ತಕರಾರು ಈವರೆಗೆ ಯಾರೂ ತೆಗೆದಿರಲಿಲ್ಲ. ನೀನು ಉಂಡದ್ದೆಲ್ಲ ಸೇರಿ, ನೀರೂ ಸೇರಿ, ಮೂರು ರತ್ತಲು ಆದೀತು. ನಾನು ಬಡಿಸಿದವಳು, ನನಗೆ ಗೊತ್ತಿಲ್ಲವೇ? ಅದರಲ್ಲೂ ಮುಕ್ಕಾಲು ಮರುದಿನ ಬೆಳಿಗ್ಗೆ ಹೋಗಿರುತ್ತದೆ. ನೀನು ಬುತ್ತಿ ಬೇಡ ಅಂದೆ, ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಒಂದು ಕೆಲಸ ಮಾಡಿದೆ.

ನಮ್ಮ ಹಿತ್ತಲ ಕೋಣೆಯಿಂದ ಜೋಳದ ಚೀಲವೊಂದನ್ನು ಗೌಸಮೊದ್ದೀನನ ಕೂಡ ಕಳಿಸಿದೆ. ಧಾರವಾಡ ಸ್ಟೇಶನ್ನಿನಲ್ಲಿ ತೂಗಿ, ಸರಿಯಾಗಿ ನೂರು ರತ್ತಲು ಮಾಡಿ, ಬಾಯಿ ಹೊಲಿದ. ಅದೇ ಚೀಲವನ್ನು ನಿನ್ನ ಸಾಹುಕಾರರ ಅಂಗಡಿಗೆ ಒಯ್ದು, "ಇದನ್ನೊಂದ ತೂಗಿ ಹೇಳ್ರಿ" ಅಂದ. ಅಲ್ಲಿಯ ಹಮಾಲ ತೂಗಿದ. ತೊಂಬತ್ತೇಳು ಕೂಡ ತುಂಬಲಿಲ್ಲ. ಜೋಳ ಸಂಕ್ರಾಂತಿ ಮಾಡಿರಲಿಲ್ಲ, ತಮ್ಮಾ.

ಇಲ್ಲಿಯ ಹಮಾಲರಲ್ಲಿ ಮುದುಕ ಮೈಲಾರಪ್ಪನನ್ನು ಬಾವಿಯ ಹತ್ತಿರ ಹಿಡಿದು ಕೇಳಿದೆ. ಆ ಕಡೆ ಈ ಕಡೆ ನೋಡಿ, "ಅಕ್ಕಾರ, ಕೊಳ್ಳೂ ಕಲ್ಲು ಬ್ಯಾರೆ ಇರತಾವು, ಮಾರೂ ಕಲ್ಲು ಬ್ಯಾರೆ ಇರತಾವು. ಕೊಳ್ಳೂ ಕಲ್ಲು ಜರಾ ದಪ್ಪ" ಅಂದ. ತೂಕದ ಕಲ್ಲು ಭಾರವಾದರೆ ಮಾಲು ಕಮ್ಮಿ ತೋರುತ್ತದೆ. ರೈತನ ಹತ್ತಿಯನ್ನು ತೂಗಿದ ಕಲ್ಲಿನಿಂದಲೇ ಅವರು ನಿನ್ನನ್ನೂ ತೂಗಿದ್ದಾರೆ. ನೀನು ನೂರಾ ಎಪ್ಪತ್ತೈದು ಎಂದೂ ಆಗಿರಲಿಲ್ಲ.

ಬುತ್ತಿ ಕಳಿಸಿದ್ದೇನೆ.

ದಾನವ್ವ


ಧಾರವಾಡ
೫ ಫೆಬ್ರುವರಿ ೧೯೩೭

ಅಕ್ಕಾ,

ನಿನ್ನ ಅಡುಗೆಗೆ ಇಟ್ಟ ಹೆಸರನ್ನು ವಾಪಸು ತೆಗೆದುಕೊಂಡಿದ್ದೇನೆ. ಸ್ಟೇಶನ್ನಿನ ತಕ್ಕಡಿಯಲ್ಲಿ ಇವತ್ತು ನೂರಾ ಎಪ್ಪತ್ತೊಂಬತ್ತು. ಇನ್ನು ಒಂಬತ್ತೇ ದಿನ.

ವಸ್ತಾದರಿಗೆ ಹೇಳಿದೆ. ಮೊದಲು, "ಜುಲಾಬು ತಗೋ, ಮೂರು ದಿನ ನೀರು ಬಿಡು" ಅಂದರು. ಆಮೇಲೆ ನನ್ನನ್ನು ಬದಿಗೆ ಕರೆದು, "ಹುಚ್ಚಾ, ಕಣಕ್ಕ ಬರೂದು ಸಾಹುಕಾರ್ರ ತಕ್ಕಡಿನ. ಇನಾಮು ಇಟ್ಟಾವ್ರು ಅವರು. ಅದರಾಗ ನೀ ಈಗಾಗ್ಲೇ ಪಾಸಾಗಿ. ಬಾಯಿ ಮುಚಗೊಂಡು ತೂಗಿಸ್ಕೊ, ಬಿಡುಗಡಿ ಆಗು" ಅಂದರು. ತಮ್ಮ ಕಲ್ಲು ಸುಳ್ಳು ಎಂದು ಸಾಹುಕಾರರು ಮಂದಿಯ ಮುಂದೆ ಹೇಳಲಾರರಲ್ಲ.

ಖರೆ ಹೇಳಿದರೆ ಬಾಗಿಲು, ಸುಮ್ಮನಿದ್ದರೆ ಬಿಡುಗಡೆ. ಏನು ಮಾಡಲಿ?

ಮಡಿವಾಳಪ್ಪ


ಹುಬ್ಬಳ್ಳಿ
೭ ಫೆಬ್ರುವರಿ ೧೯೩೭

ಮಡಿವಾಳಪ್ಪಾ,

ಜುಲಾಬು ಬೇಡ. ನೀರು ಬಿಡಬೇಡ. ಅದು ಕೊಬ್ಬು ಇಳಿಸುವುದಲ್ಲ, ಒದ್ದೆ ಬಟ್ಟೆ ಹಿಂಡುವುದು. ಹಿಂಡಿದ ಬಟ್ಟೆಯಂತೆ ಕಣದಲ್ಲಿ ಬಿದ್ದಿರುತ್ತೀಯ. ಉಳಿದ ಏಳು ದಿನದಲ್ಲಿ ಒಂದು ಇಳಿಯಲಿ, ಎರಡು ಇಳಿಯಲಿ, ಉಂಡೇ ಇಳಿಯಲಿ.

ತಕ್ಕಡಿಯ ಮಾತು ನಾನು ಹೇಳುವುದಿಲ್ಲ. ನೀನು ಸಾಹುಕಾರರ ಬಾಗಿಲಿಗೆ ತಿರುಗಿ ಹೋಗುವುದನ್ನು ನೆನೆದರೆ ಹೆಂಚಿನ ಮೇಲಿನ ರೊಟ್ಟಿ ತಿರುವುವುದನ್ನೂ ಮರೆಯುತ್ತೇನೆ. ಸುಮ್ಮನಿರು ಎಂದು ಬರೆದು, ಹರಿದು, ಮತ್ತೆ ಬರೆದು ಹರಿದೆ. ಆ ತಕ್ಕಡಿಯ ಪಕ್ಕ ಎರಡು ವರ್ಷ ನಿಂತವನು ನೀನು, ನಾನಲ್ಲ. ನೀನು ಏನು ಮಾಡಿದರೂ ಬುತ್ತಿ ತಪ್ಪುವುದಿಲ್ಲ.

ದಾನವ್ವ


ಧಾರವಾಡ
೧೫ ಫೆಬ್ರುವರಿ ೧೯೩೭

ಅಕ್ಕನಿಗೆ,

ಬೆರಳು ಬಾತಿವೆ, ಅಕ್ಷರ ಓರೆಯಾಗಿದ್ದರೆ ಓದಿಕೊ.

ನಿನ್ನೆ ಬೆಳಿಗ್ಗೆ ಕಣದಲ್ಲಿ ಮೂರು ಗಳ ಕಟ್ಟಿ ತಕ್ಕಡಿ ತೂಗುಹಾಕಿದ್ದರು. ಕಲ್ಲುಗಳು ಅವೇ. ವರ್ಷಗಟ್ಟಲೆ ತೂಗಿ ತೂಗಿ ಸಾಹುಕಾರರಿಗೂ ಅವೇ ಖರೆ ಆಗಿದ್ದವೇನೋ. ನಾನು ಹತ್ತಿದೆ. ಗುಮಾಸ್ತ ಸಣ್ಣ ದನಿಯಲ್ಲಿ, "ನೂರಾ ಎಪ್ಪತ್ತೆರಡು" ಅಂದ. ಮಂದಿ ಸೀಟಿ ಹಾಕಿದರು. ಸಾಹುಕಾರರ ಮೋರೆ ಸಣ್ಣದಾಯಿತು, ಆದರೂ ಮಾತಿಗೆ ತಪ್ಪಲಿಲ್ಲ. "ಆತು ಹೋಗು. ನಿನ್ನ ಬಿಟ್ಟೇನಿ" ಎಂದರು.

ಇಳಿದು ಹೊರಟಿದ್ದೆ, ಅಕ್ಕಾ. ಖರೆ ಹೇಳುತ್ತೇನೆ, ಸುಮ್ಮನೆ ಹೊರಟಿದ್ದೆ. ಮಂದಿಯಲ್ಲಿ ಲಕಮನಹಳ್ಳಿಯ ದುರಗಪ್ಪಜ್ಜ ನಿಂತಿದ್ದ. ನನ್ನನ್ನು ಕಂಡು ಟೊಪ್ಪಿಗೆ ಸರಿ ಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ನಲವತ್ತು ರತ್ತಲು ಇಳಿದಿದ್ದೇನೆ, ಆದರೂ ಅವನಿಗೆ ನಾನು ಬಾಗಿಲ ಪೈಲ್ವಾನನೇ. ನನಗೆ ತಡೆಯಲಾಗಲಿಲ್ಲ. "ಅಜ್ಜಾ, ನನ್ನ ಕೂಡ ಸ್ಟೇಶನ್ನಿಗೆ ಬಾ. ಸಾಹುಕಾರ್ರ, ನೀವೂ ಬರ್ರಿ. ಈ ತಕ್ಕಡಿ ನನಗ ಒಪ್ಪಿಗಿಲ್ಲ" ಎಂದು ಕೂಗಿದೆ.

ಅರ್ಧ ಕಣವೇ ಹಿಂದೆ ಬಂತು. ಗೌಸಮೊದ್ದೀನ ಪಾರ್ಸಲ್ ತಕ್ಕಡಿಯ ಮೇಲೆ ನಿಲ್ಲಿಸಿ, ಎರಡೆರಡು ಸಲ ನೋಡಿ, ಜೋರಾಗಿ ಹೇಳಿದ, "ನೂರಾ ಎಪ್ಪತ್ತೆಂಟು!"

"ಸಾಹುಕಾರ್ರ, ನಾ ಸೋತೇನಿ. ಮೂರು ರತ್ತಲು ಹೆಚ್ಚದೇನಿ" ಅಂದೆ.

ದುರಗಪ್ಪಜ್ಜ ಮುಂದೆ ಬಂದು, "ಮತ್ತ ಆ ಆರು ರತ್ತಲ ಎಲ್ಲಿ ಹೋದುವ್ರಿ?" ಎಂದು ಕೇಳಿದ. ಅಂದು ಅಂಗಡಿಯಲ್ಲಿ ಕೂಗಿದ್ದನಲ್ಲ, ಈಗ ಮೆಲ್ಲಗೆ ಕೇಳಿದ. ಹಿಂದಿನಿಂದ ಇನ್ನೊಬ್ಬ ರೈತ ಅದನ್ನೇ ಕೇಳಿದ, ಆಮೇಲೆ ಮತ್ತೊಬ್ಬ. ಸಾಹುಕಾರರು ನನ್ನ ಮೋರೆ ನೋಡಿದರು.

ನಾನು ಹೇಳಿದೆ, "ಕೊಟ್ಟ ಮಾತಿಗೆ ತಪ್ಪಂಗಿಲ್ರಿ. ನಾಳಿಂದ ನಿಮ್ಮ ಬಾಗಲಾಗ ಬಂದು ಕುಂದರತೇನಿ. ತೂಕದ ಮ್ಯಾಲೆ ಯಾರರೆ ತಕರಾರು ತಗದ್ರ ಎದ್ದು ನಿಂತು, ಖರೇ ತೂಕ ಎಷ್ಟಂತ ನಾನ ಹೇಳತೇನಿ."

"ನನ್ನ ಅಂಗಡಿ ಕಟ್ಟಿ ಹತ್ತಿದೆಂದ್ರ ನೋಡು!" ಎಂದರು ಸಾಹುಕಾರರು. ಅಷ್ಟು ಮಂದಿಯ ಮುಂದೆ ಅವರೇ ಸಾಕು ಅಂದಂತಾಯಿತು. ಇಳಿಯಲಾರದೆಯೇ ನಾನು ಬಿಡುಗಡೆಯಾದೆ, ಅಕ್ಕಾ.

ತೂಕದ ಜೋಡಿಯಲ್ಲಿ ನನ್ನ ಹೆಸರು ಹೊಡೆದುಹಾಕಿದರು. ಸಂಜೆ ತೂಕದ ಲೆಕ್ಕವಿಲ್ಲದ ಬಿಡುಗುಸ್ತಿಯಲ್ಲಿ, ನನ್ನ ಜಾಗಕ್ಕೆ ಸಾಹುಕಾರರು ಆಗಲೇ ಕರೆಸಿದ್ದ ಹೊಸ ಪೈಲ್ವಾನನ ಮೇಲೆ ಇಳಿದೆ. ಅವನು ಇನ್ನೂರಾ ಇಪ್ಪತ್ತು. ಮೊದಲ ಐದು ನಿಮಿಷ ನನ್ನನ್ನು ಮಣ್ಣು ಮುಕ್ಕಿಸಿದ. ಹತ್ತಾದ ಮೇಲೆ ಅವನ ಉಸಿರು ನನ್ನ ಕಿವಿಗೆ ಕೇಳತೊಡಗಿತು. ಅದು ಗದಗಿನಲ್ಲಿ ನಾನು ಬಿಟ್ಟ ಉಸಿರೇ. ಇಪ್ಪತ್ತು ನಿಮಿಷಕ್ಕೆ ಸಮಜೋಡಿ, ಯಾರೂ ಗೆದ್ದಿಲ್ಲ ಎಂದು ಬಿಡಿಸಿದರು. ಅವನು ಅಲ್ಲೇ ಕೂತ. ನಾನು ನಡೆದುಕೊಂಡು ಹೋಗಿ ನಿನ್ನ ಬುತ್ತಿ ಬಿಚ್ಚಿದೆ. ವಸ್ತಾದರು ಪಕ್ಕದಲ್ಲಿ ಕೂತು ಅರ್ಧ ರೊಟ್ಟಿ ಕೇಳಿ ಇಸಿದುಕೊಂಡರು.

ಈಗ ನನ್ನ ಮೈ ಯಾರದೂ ಅಲ್ಲ, ನನ್ನದು. ಮುಂದಿನ ವರ್ಷ ಖರೆ ಕಲ್ಲಿನ ಮೇಲೆ ಇಳಿಯುತ್ತೇನೆ.

ಮಡಿವಾಳಪ್ಪ


ಹುಬ್ಬಳ್ಳಿ
೧೭ ಫೆಬ್ರುವರಿ ೧೯೩೭

ತಮ್ಮಾ,

ನಿನ್ನ ಪತ್ರವನ್ನು ಗೌಸಮೊದ್ದೀನ ತಾನೇ ಗಟ್ಟಿಯಾಗಿ ಓದಿದ, ಅವನ ಪಾಲು ಬಂದಲ್ಲಿ ಎರಡು ಸಲ ಓದಿದ. ನಾನು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಅತ್ತುಬಿಟ್ಟೆ, ಬರೆಯಲಿಕ್ಕೆ ನಾಚಿಕೆ ಏನು?

ಇವತ್ತು ಮಧ್ಯಾಹ್ನ ಮೈಲಾರಪ್ಪ ಬಂದು ತನ್ನ ಹಳೆಯ ಜಾಗದಲ್ಲಿ ಕೂತ. ಅವನ ಹಿಂದೆ ಒಬ್ಬೊಬ್ಬರಾಗಿ ಎಂಟು ಹಮಾಲರು ಬಂದರು. ಮೂವರಿಗೆ ಇನ್ನೂ ಹೆದರಿಕೆ ಇದೆ, ಬರುತ್ತಾರೆ. ಹತ್ತಿ ಪೇಟೆಯಲ್ಲಿ ರೈತರು ಗಾಡಿ ಬಿಚ್ಚುವ ಮೊದಲು ಕಲ್ಲು ತೋರಿಸಿರಿ ಅನ್ನುತ್ತಿದ್ದಾರಂತೆ.

ಬುತ್ತಿಯಲ್ಲಿ ಈ ಸಲ ಮೂರು ರೊಟ್ಟಿ ಇದೆ, ಒಂದು ನಿಮ್ಮ ವಸ್ತಾದರದು. ಕಡಲೆ ನೆನೆಯಿಡುವುದನ್ನು ಬಿಡಬೇಡ. ಇನ್ನು ನಿನ್ನ ತೂಕ ನನಗೆ ಬರೆಯಬೇಡ. ಡಬ್ಬಿ ಖಾಲಿಯಾಗಿ ಬಂದರೆ ಸಾಕು.

ನಿನ್ನ ಅಕ್ಕ,
ದಾನವ್ವ